ಬೀಳಲೊಪ್ಪದ ಈಜೆಬೆಲ್

ನಂಬದಿದ್ದರೆ ಬಿಡಿ, ಬಹ್ರೈನಿನಲ್ಲಿ ಬೈಬಲಿನ ರಾಣಿಯೊಬ್ಬಳನ್ನು ಸಾಯದಂತೆ ಉಳಿಸಿದವನು ನಾನು. ಹೋದದ್ದು ಎ.ಸಿ. ರಿಪೇರಿಗೆ.

ಬುದಯ್ಯ ಎಂಬ ಅಲ್ಲಿನ ಊರಿನ ಒಂದು ಮನೆಯಲ್ಲಿ ನಮ್ಮ ಕರಾವಳಿಯ ಕ್ರೈಸ್ತರು ನಾಟಕದ ಅಭ್ಯಾಸ ಮಾಡುತ್ತಿದ್ದರು. ಈಜೆಬೆಲ್ ರಾಣಿಯಾಗಲು ಒಬ್ಬ ಹೆಂಗಸೂ ಒಪ್ಪಿರಲಿಲ್ಲ. ಗಂಡನ ನಾಡಿಗೆ ತವರಿನ ದೇವರನ್ನು ತಂದವಳೆಂದು ಅಷ್ಟು ಕೆಟ್ಟ ಹೆಸರು ಅವಳಿಗೆ. "ಯಕ್ಷಗಾನದಲ್ಲಿ ನನ್ನ ಸ್ತ್ರೀವೇಷ ನೋಡಲಿಕ್ಕೆ ಊರಿಗೆ ಊರೇ ಬರುತ್ತಿತ್ತು," ಎಂದೆ. ನಾಟಕ ಆಡಿಸುತ್ತಿದ್ದ ನರ್ಸ್ ಲಿಲ್ಲಿ ಅಕ್ಕ ನನ್ನ ಕಣ್ಣಿಗೆ ಕಾಡಿಗೆ ಹಚ್ಚಿ ಮೇಜು ಹತ್ತಿಸಿದರು. ಅದು ಅರಮನೆಯ ಕಿಟಕಿ. ಸೇನಾಪತಿ ಯೇಹು ಬೈಯಬೇಕು, ಸೇವಕರು ದೂಡಬೇಕು, ನಾನು ಬಿದ್ದು ಸಾಯಬೇಕು, ನಾಯಿಗಳು ತಿನ್ನಬೇಕು. ಚೆನ್ನಾಗಿ ಸತ್ತರೆ ಪಾತ್ರ ನನ್ನದು.

"ಸಾಯುವಾಗಲೂ ಅಲಂಕಾರವೇ?" ಎಂದು ಯೇಹು ಬೈದ.

ಯಕ್ಷಗಾನದವನು ಬೈಸಿಕೊಂಡು ಸುಮ್ಮನೆ ಬೀಳುತ್ತಾನೆಯೇ? ನಮ್ಮಲ್ಲಿ ಮಾತು ಬರೆದಿರುವುದಿಲ್ಲ, ನಿಂತಲ್ಲೇ ಹುಟ್ಟಬೇಕು. "ನನ್ನ ಮಗನನ್ನು ಕೊಂದು ಬಂದವನೇ, ಈ ಕಾಡಿಗೆ ನಿನಗಾಗಿ ಅಲ್ಲ, ರಾಣಿಯಾಗಿಯೇ ಸಾಯಲಿಕ್ಕೆ! ತವರಿನ ದೇವರನ್ನು ಜೊತೆಗೆ ತಂದದ್ದು ತಪ್ಪೇ? ನಿನ್ನ ಹೆಂಡತಿ ಬರುವಾಗ ಏನೂ ತರಲಿಲ್ಲವೇ?"

ಬಾಯಿಪಾಠ ಮಾಡಿದ್ದ ಯೇಹು ಕಿಸೆಯಿಂದ ಹಾಳೆ ತೆಗೆದು ಈ ಮಾತು ಎಲ್ಲಿದೆಯೆಂದು ಹುಡುಕಿದ. ದೂಡಬೇಕಾದ ಸೇವಕರು ಚಪ್ಪಾಳೆ ತಟ್ಟಿದರು.

"ಬೀಳು ಮಾರಾಯ, ಬೀಳು!" ಲಿಲ್ಲಿ ಅಕ್ಕ ಕಿರುಚಿದರು.

"ಯೇಹು ಮೊದಲು ಉತ್ತರ ಕೊಡಲಿ ಅಕ್ಕ."

ಯೇಹು ಕತ್ತಿ ಕೆಳಗಿಟ್ಟ. "ಇವಳು ಹೇಳುವುದರಲ್ಲೂ ನ್ಯಾಯ ಉಂಟಲ್ಲ ಲಿಲ್ಲಿ ಬಾಯಿ?"

ಪಾತ್ರ ಸಿಕ್ಕಿತೆಂದೇ ಊರಿಗೆ ಫೋನ್ ಮಾಡಿ ಕೊಚ್ಚಿಕೊಂಡೆ. ಮರುವಾರ ಹೋದರೆ, ರಾಣಿಯಾಗಲು ಹೆಂಗಸರ ನಡುವೆ ಜಗಳ. ಕೊನೆಗೆ ಈಜೆಬೆಲ್ ಆದದ್ದು ಲಿಲ್ಲಿ ಅಕ್ಕನೇ, ನನ್ನ ಮಾತುಗಳನ್ನೆಲ್ಲ ಸೇರಿಸಿಕೊಂಡು.

ನನಗೆ ನಾಯಿಯ ಪಾತ್ರ ಕೊಟ್ಟರು.