ಇಪ್ಪತ್ತೈದನೆಯ ಮೂಳೆಗೆ ಕಿತ್ತಳೆ ಬಣ್ಣ

ಬಣ್ಣದಕ್ಕನ ಕೈ ಎಂದರೆ ಕೈ. ಪಿಂಗಾಣಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ತಟ್ಟೆಗಳ ಅಂಚಿಗೆ ನೀಲಿ ಬಳ್ಳಿ ಬರೆದ ಕೈ ಅದು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ, ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗಕ್ಕೆ ಕೈ ನಡುಗದವರು ಬೇಕಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಒಳಗೆ ಹೋದವಳು, ಆರು ವರ್ಷವಾದರೂ ಹೊರಗೆ ಬಂದಿಲ್ಲ.

ಕೆಲಸ ಕೇಳಿದರೆ ನಗು ಬರಬೇಕು. ಕಂಪ್ಯೂಟರಿನ ಪರದೆಯ ಮೇಲೆ ರೋಗಿಯ ಬೆನ್ನಿನ ಚಿತ್ರಗಳು ಬ್ರೆಡ್ಡಿನ ಹೋಳುಗಳಂತೆ ಒಂದರ ಹಿಂದೆ ಒಂದು ಬರುತ್ತವೆ. ಪ್ರತಿ ಹೋಳಿನಲ್ಲೂ ಒಂದೊಂದು ಮೂಳೆಯ ಅಂಚು ಹಿಡಿದು, ಒಂದೊಂದಕ್ಕೂ ಬೇರೆ ಬೇರೆ ಬಣ್ಣ ತುಂಬಬೇಕು. ಕುತ್ತಿಗೆಯಿಂದ ಸೊಂಟದವರೆಗೆ ಇಪ್ಪತ್ತನಾಲ್ಕು ಮೂಳೆ, ಇಪ್ಪತ್ತನಾಲ್ಕು ಬಣ್ಣ. ಅವಳು ಬಣ್ಣ ತುಂಬಿದ ಅಂಥ ನೂರಾರು ಚಿತ್ರಗಳನ್ನು ನೋಡಿ ನೋಡಿ ಆ ಕಂಪ್ಯೂಟರ್ ಯಂತ್ರ ತಾನೇ ಬಣ್ಣ ಹಾಕುವುದನ್ನು ಕಲಿತುಬಿಟ್ಟಿತು. ಅವಳಿಗೆ ಇಡೀ ದಿನ ಹಿಡಿಯುತ್ತಿದ್ದುದನ್ನು ಅದು ಒಂದು ಲೋಟ ಟೀ ಮುಗಿಯುವಷ್ಟರಲ್ಲಿ ಮಾಡುತ್ತದೆ. ಈಗ ಅದರ ಕೆಲಸವನ್ನು ತಿದ್ದುವುದೇ ಅವಳ ಕೆಲಸ. ಹೊಟ್ಟೆಕಿಚ್ಚೇನೂ ಇಲ್ಲ, ಬದಲಿಗೆ ಜಂಬ. ಬಳ್ಳಿ ಬರೆದ ಅಭ್ಯಾಸಕ್ಕೆ ಅವಳು ಮೂಳೆಯ ಹಿಂದಿನ ತುದಿಯಲ್ಲಿ ಕೂದಲೆಳೆಯಷ್ಟು ಸುಳಿ ಎಳೆಯುತ್ತಿದ್ದಳು. ಯಂತ್ರವೂ ಎಳೆಯುತ್ತದೆ!

ಮನೆಯಲ್ಲೂ ಇದೇ ಗೀಳು. "ನಿನ್ನ ಕೈಲಿ ಬೆನ್ನಿಗೆ ಮುಲಾಮು ಹಚ್ಚಿಸ್ಕೊಳ್ಳೋಕೇ ಭಯ ಕಣೇ, ಎಣಿಸೋಕೆ ಶುರು ಮಾಡ್ತೀಯ" ಎನ್ನುತ್ತಾನೆ ಗಂಡ.

ಒಂದು ಬೆಳಿಗ್ಗೆ ಬಸ್ ಡ್ರೈವರ್ ಒಬ್ಬನ ಚಿತ್ರ ಬಂತು. ಮೂರು ತಿಂಗಳಿಂದ ಕೂರಲಾರ, ನಿಲ್ಲಲಾರ, ಮರುದಿನವೇ ಆಪರೇಷನ್. ಯಂತ್ರ ಬಣ್ಣ ಹಾಕಿ, ನೋವು ಹುಟ್ಟುವ ಮೂಳೆಸಂದು ಇದೇ ಎಂದು ಗುರುತನ್ನೂ ಮಾಡಿತ್ತು. ಬಣ್ಣದಕ್ಕ ಕೆಳಗಿನ ಹಸಿರು ಮೂಳೆಯನ್ನು ನೋಡಿದಳು. ಅದು ತೀರಾ ಉದ್ದವಾಗಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಒಂದಲ್ಲ, ಎರಡು ಮೂಳೆ! ಎರಡಕ್ಕೂ ಒಂದೇ ಹಸಿರು. ನಡುವಿನ ಸಂದು ಯಂತ್ರದ ಲೆಕ್ಕಕ್ಕೇ ಬಂದಿರಲಿಲ್ಲ. ಹಾಳಾಗಿದ್ದುದು ಆ ಸಂದೇ; ಯಂತ್ರ ಗುರುತು ಹಾಕಿದ್ದು ಅದರ ಮೇಲಿನದಕ್ಕೆ.

ಈ ತಪ್ಪು ಯಂತ್ರದ್ದಲ್ಲ, ಅವಳದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೆಲವು ಚಿತ್ರಗಳಲ್ಲಿ ಇಪ್ಪತ್ತೈದು ಮೂಳೆ ಸಿಕ್ಕಿದ್ದವು. ಎಲ್ಲೋ ತಾನೇ ಎಣಿಸುವಾಗ ತಪ್ಪಿದೆ, ಕೇಳಿದರೆ ದಡ್ಡಿ ಎಂದಾರು ಎಂದುಕೊಂಡು, ಕೊನೆಯ ಎರಡಕ್ಕೂ ಹಸಿರು ಬಳಿದು ಬಾಯಿ ಮುಚ್ಚಿಕೊಂಡಿದ್ದಳು. ಸುಳಿ ಕಲಿತ ಶಿಷ್ಯ ಕಳ್ಳಾಟ ಕಲಿಯದೆ ಬಿಡುತ್ತಾನೆಯೇ?

ಈ ಒಂದನ್ನು ತಿದ್ದಿ ಸುಮ್ಮನಿರಬಹುದಿತ್ತು. ತಪ್ಪೇ ಮಾಡದವಳು ಎಂಬ ಹೆಸರಾದರೂ ಉಳಿಯುತ್ತಿತ್ತು. ಆದರೆ ನಾಳೆ ಇಂಥದೇ ಇನ್ನೊಂದು ಬೆನ್ನು ಬಂದರೆ? ಅವಳು ಎದ್ದು ನೇರವಾಗಿ ವಿಭಾಗದ ಡಾಕ್ಟರಮ್ಮನ ಕೋಣೆಗೆ ನಡೆದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಕೆಲಸದಿಂದ ತೆಗೆದ್ರೂ ಪರವಾಗಿಲ್ಲ ಮೇಡಂ, ಮೊದಲು ಆ ಡ್ರೈವರ್ ಚಿತ್ರ ನೋಡಿ" ಎಂದಳು.

ಡಾಕ್ಟರಮ್ಮ ಕುತ್ತಿಗೆಯಿಂದ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಪರೇಷನ್ ಮಾಡುವ ಡಾಕ್ಟರಿಗೆ ಫೋನ್ ಮಾಡಿ ಸರಿಯಾದ ಸಂದು ಯಾವುದೆಂದು ಹೇಳಿದರು. ಆಮೇಲೆ ಕುರ್ಚಿಗೊರಗಿ, "ನೀವು ದಡ್ಡಿಯಲ್ಲ ಅಕ್ಕ. ಕೆಲವರಿಗೆ ಒಂದು ಮೂಳೆ ಜಾಸ್ತಿ ಇರುತ್ತೆ. ಅದನ್ನ ನಿಮಗೆ ಹೇಳದೇ ಇದ್ದ ದಡ್ಡಿ ನಾನು" ಎಂದರು.

ಬಣ್ಣದಕ್ಕನಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

ಹಳೆಯ ಚಿತ್ರಗಳನ್ನೆಲ್ಲ ಜಾಲಾಡಿದಾಗ ಅಂಥವು ಒಂಬತ್ತು ಸಿಕ್ಕವು. ಹೊಸ ಮೂಳೆಗೆ ಯಾವ ಬಣ್ಣ ಎಂದು ಕೇಳಿದರೆ, "ನಿಮಗಿಷ್ಟ ಬಂದದ್ದು" ಎಂದರು ಡಾಕ್ಟರಮ್ಮ. ಜೀವಮಾನವೆಲ್ಲ ಯಾರೋ ಹೇಳಿದ ಬಣ್ಣ ಬಳಿದವಳು ಅರ್ಧ ದಿನ ಯೋಚಿಸಿ ಕಿತ್ತಳೆ ಬಣ್ಣ ಆರಿಸಿದಳು. ಒಂಬತ್ತನ್ನೂ ಹೊಸದಾಗಿ ಬಳಿದು ಯಂತ್ರಕ್ಕೆ ಮರುಪಾಠ ಹೇಳಿದಳು. ಡ್ರೈವರನ ಚಿತ್ರವನ್ನು ಮಾತ್ರ ಪಾಠಕ್ಕೆ ಸೇರಿಸದೆ ಪರೀಕ್ಷೆಗೆಂದು ಎತ್ತಿಟ್ಟಳು.

ಆಪರೇಷನ್ ಆಗಿ ಕೆಲವು ವಾರ ಕಳೆದಿದ್ದವು; ಪರೀಕ್ಷೆಯ ದಿನ ಡ್ರೈವರೇ ಬಾಗಿಲಲ್ಲಿ ನಿಂತಿದ್ದ, ತನ್ನ ಕಾಲ ಮೇಲೆ ತಾನೇ, ನೆಟ್ಟಗೆ.

"ನನ್ನ ಜಾಸ್ತಿ ಮೂಳೆ ಕಂಡುಹಿಡಿದೋರು ನೀವೇ ಅಂತೆ?"

"ಅದನ್ನ ಬಚ್ಚಿಟ್ಟೋಳೂ ನಾನೇ ಕಣಪ್ಪ" ಎಂದು ಅವಳು ಎಲ್ಲವನ್ನೂ ಹೇಳಿದಳು.

ಅವನು ನಕ್ಕುಬಿಟ್ಟ. "ಸ್ಟಾಪ್ ಬಿಟ್ಟು ಮುಂದೆ ಹೋಗಿ, ಆಮೇಲೆ ರಿವರ್ಸ್ ಬಂದಿದ್ದೀರ. ನಾನೂ ಎಷ್ಟೋ ಸಲ ಮಾಡಿದೀನಿ ಬಿಡಿ."

ಅವಳು ಗುಂಡಿ ಒತ್ತಿದಳು. ಕುತ್ತಿಗೆಯಿಂದ ಬಣ್ಣ ಇಳಿಯತೊಡಗಿತು. ಡ್ರೈವರ್ ಜೋರಾಗಿ ಎಣಿಸಿದ. ಇಪ್ಪತ್ತಮೂರು. ಇಪ್ಪತ್ತನಾಲ್ಕು, ಹಸಿರು, ಗಿಡ್ಡ ಹಸಿರು. ಬಣ್ಣದಕ್ಕ ಪರದೆಯತ್ತ ಬಗ್ಗಿದಳು.

"ಇಪ್ಪತ್ತೈದು!" ಎಂದು ಇಬ್ಬರೂ ಕೂಗಿದ ರಭಸಕ್ಕೆ ಡಾಕ್ಟರಮ್ಮ ಓಡಿ ಬಂದರು. ಪರದೆಯ ಕೆಳಗೆ ಕಿತ್ತಳೆ ಬಣ್ಣದ ಪುಟ್ಟ ಮೂಳೆ ಹೊಳೆಯುತ್ತಿತ್ತು. ಅದರ ತುದಿಯಲ್ಲಿ ಸುಳಿಯೂ ಇತ್ತು.