ಹನ್ನೊಂದು ಬಂದಾಗ ಎರಡನೇ ಗುಂಡಿ

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂಬದಿಯಲ್ಲಿರುವ ಆ ಟೈಲರ್ ಅಂಗಡಿಯ ಶಟರ್ ಶುಕ್ರವಾರ ಮಧ್ಯಾಹ್ನ ಅರ್ಧಕ್ಕೆ ಇಳಿಯುತ್ತದೆ. ಮಾಲೀಕರಾದ ಅಲಿಕುಂಞಿ ಹಾಜಿಯವರು ಜುಮಾ ನಮಾಜಿಗೆ ಹೊರಡುತ್ತಾರೆ. ಅವರು ತಿರುವು ದಾಟುವುದೇ ತಡ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಸ್ಪೀಟು ಎಲೆಗಳು ಬೀಳುತ್ತವೆ. ದುಡ್ಡಿಟ್ಟು ಆಡುವಷ್ಟು ಬುದ್ಧಿಗೇಡಿಗಳು ಯಾರೂ ಅಲ್ಲಿಲ್ಲ. ಪಣಕ್ಕಿಡುವುದು ಜೋಡಿ ತಪ್ಪಿದ ಅಂಗಿ ಗುಂಡಿಗಳನ್ನು. ಒಮ್ಮೆ ಆಟದ ಕರಿ ಗುಂಡಿಯೊಂದು ಗಿರಾಕಿಯ ಬಿಳಿ ಅಂಗಿಗೆ ಹತ್ತಿಕೊಂಡು ಹೋದಾಗಲೇ ಹಾಜಿಯವರಿಗೆ ಎಲ್ಲ ತಿಳಿದಿತ್ತು. ತಿಳಿಯದವರಂತೆ ಇದ್ದುಬಿಟ್ಟರು.

ಎಲೆ ಹಂಚುವವನು ರಂಜಿತ್. ಎಂಟು ವರ್ಷ ಪ್ರವಾಸಿ ಹಡಗಿನ ಕ್ಯಾಸಿನೊದಲ್ಲಿ ಬ್ಲ್ಯಾಕ್‌ಜಾಕ್ ಆಟದ ಎಲೆ ಹಂಚಿ, ಈಗ ಎದುರು ಕಟ್ಟಡದ ಆಫೀಸಿನಲ್ಲಿ ಕೆಲಸಕ್ಕಿದ್ದಾನೆ. ಮೇಜು ಬಿಟ್ಟೇಳುವಾಗ ಎರಡೂ ಅಂಗೈ ತಿರುಗಿಸಿ, ಏನೂ ಕದ್ದಿಲ್ಲವೆಂದು ಕ್ಯಾಮೆರಾಕ್ಕೆ ತೋರಿಸುವ ಹಡಗಿನ ಅಭ್ಯಾಸ ಇನ್ನೂ ಹೋಗಿಲ್ಲ. ಊಟ ಮುಗಿಸಿ ಏಳುವಾಗಲೂ ತೋರಿಸುತ್ತಾನೆ.

ಎದುರಿಗೆ ಕೂರುವವನು ಶೀನಪ್ಪ, ಕಾರ್ಕಳದವನು, ಇದೇ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ದರ್ಜಿ. ಅವನಷ್ಟು ಕೃತಜ್ಞನಾದ ಮನುಷ್ಯ ಸಿಗುವುದು ಕಷ್ಟ. ಬೆಳಿಗ್ಗೆ ಹೊಲಿಗೆ ಯಂತ್ರವನ್ನು ಮುಟ್ಟಿ ನಮಸ್ಕರಿಸುತ್ತಾನೆ. ವೀಸಾ ಕೊಟ್ಟ ಹಾಜಿಯವರನ್ನು, ಊರಿನಲ್ಲಿ ಮನೆ ನಡೆಸಿದ ಹೆಂಡತಿ ಅಪ್ಪಿಯನ್ನು, ಕೊನೆಗೆ ಏಸಿ ರಿಪೇರಿಯವನನ್ನೂ ನೆನೆಯುತ್ತಾನೆ. ಜೊತೆಗೆ ಅಷ್ಟೇ ಪುಕ್ಕಲ. ಅವನು ಹೊಲಿದ ಪ್ರತಿ ಪ್ಯಾಂಟಿನ ಸೊಂಟದೊಳಗೆ ಎರಡಿಂಚು ಬಟ್ಟೆ ಮಡಚಿರುತ್ತದೆ. ಗಿರಾಕಿ ದಪ್ಪಗಾದರೆ ಬಿಚ್ಚಬಹುದಲ್ಲ! ಬದುಕಿನಲ್ಲೂ ಹೀಗೆ ಬಿಚ್ಚಲು ಜಾಗವಿಲ್ಲದ ಯಾವ ಕೆಲಸಕ್ಕೂ ಅವನು ಕೈಹಾಕಿದವನಲ್ಲ.

ಇಲ್ಲೂ ಅದೇ ಆಟ, ಸರಳ. ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಿದರೆ ಸೋಲು. ಹಂಚುವವನು ಮಾತ್ರ ಹದಿನೇಳು ಮುಟ್ಟುವವರೆಗೆ ಎಲೆ ಎಳೆಯುತ್ತಲೇ ಇರಬೇಕು. ನಡುವೆ ಪಣವನ್ನು ದುಪ್ಪಟ್ಟು ಮಾಡಬಹುದು, ಆದರೆ ಆಮೇಲೆ ಸಿಗುವುದು ಒಂದೇ ಎಲೆ. ಅದು ಚೆನ್ನಾಗಿರಲಿ, ಕೆಟ್ಟದ್ದಿರಲಿ, ಅಲ್ಲಿಗೆ ಖಲಾಸ್. ಕೈಯಲ್ಲಿ ಹನ್ನೊಂದಿದ್ದು ಹಂಚುವವನ ಮುಂದೆ ಐದೋ ಆರೋ ಬಿದ್ದಿದ್ದರೆ ಕಣ್ಣುಮುಚ್ಚಿ ದುಪ್ಪಟ್ಟು ಮಾಡಬೇಕೆಂದು ರಂಜಿತ್ ಹೇಳಿಕೊಟ್ಟಿದ್ದ. ರಾಜ, ರಾಣಿ, ಗುಲಾಮ ಸೇರಿ ಹತ್ತರ ಬೆಲೆಯ ಎಲೆಗಳೇ ಕಟ್ಟಿನಲ್ಲಿ ಹೆಚ್ಚು. ಅವು ನಮ್ಮನ್ನು ಇಪ್ಪತ್ತೊಂದಕ್ಕೆ ಏರಿಸುತ್ತವೆ, ಹಂಚುವವನನ್ನು ಮುಳುಗಿಸುತ್ತವೆ. ಶೀನಪ್ಪ ತಲೆದೂಗಿದ. ಎರಡು ವರ್ಷದಲ್ಲಿ ಒಮ್ಮೆಯೂ ಎರಡನೇ ಗುಂಡಿ ಇಡಲಿಲ್ಲ.

ಆ ಶುಕ್ರವಾರ ಅವನ ತಲೆ ಆಟದಲ್ಲಿರಲಿಲ್ಲ. ಹಾಜಿಯವರು ಊರಿಗೆ ಮರಳಲು ನಿಶ್ಚಯಿಸಿದ್ದರು. ಶೀನಪ್ಪ ತನಗೆ ಸಲ್ಲಬೇಕಾದ ಗ್ರಾಚ್ಯುಯಿಟಿಯನ್ನು ಅಂಗಡಿಯಲ್ಲೇ ಬಿಟ್ಟು, ಅಷ್ಟೇ ಮೊತ್ತವನ್ನು ತನ್ನ ಉಳಿತಾಯದಿಂದ ಸೇರಿಸಿದರೆ ಅಂಗಡಿ ಅವನದು. ಇಲ್ಲವಾದರೆ ತಿಂಗಳ ಕೊನೆಗೆ ಬಾಗಿಲು ಮುಚ್ಚುತ್ತದೆ, ವೀಸಾ ರದ್ದಾಗುತ್ತದೆ. ನಮಾಜಿನ ನಂತರ ಉತ್ತರ ಹೇಳಬೇಕಿತ್ತು. ಫೋನಿನಲ್ಲಿ ಅಪ್ಪಿ ಕೇಳಿದ್ದು ಒಂದೇ ಪ್ರಶ್ನೆ: ಅವನಿಗೆ ಅಂಗಡಿ ಬೇಡವೋ, ಅಥವಾ ಹೆದರಿಕೆಯೋ? ಅವನು ಊಟವಾಯಿತೇ ಎಂದು ಕೇಳಿದ್ದ.

ಎಲೆ ಬಿತ್ತು. ಶೀನಪ್ಪನಿಗೆ ಆರು ಮತ್ತು ಐದು. ರಂಜಿತ್‌ನ ಮುಂದೆ ಆರು. ಶೀನಪ್ಪ ಎಂದಿನಂತೆ ಒಂದೇ ಗುಂಡಿಯ ಮೇಲೆ ಎಲೆ ಕೇಳಿದ. ರಂಜಿತ್ ಕೊಡಲಿಲ್ಲ.

“ಶೀನಣ್ಣ, ಹನ್ನೊಂದುಂಟು. ಇದಕ್ಕಿಂತ ಒಳ್ಳೆ ಹೊತ್ತು ಬರ್ಲಿಕ್ಕಿಲ್ಲ.”

“ನನಗೆ ಸಿಕ್ಕಿದ್ದೇ ಹೆಚ್ಚು ಮಾರಾಯ. ಇನ್ನೂ ಬೇಕು ಅಂದ್ರೆ ಕೊಟ್ಟವ್ರು ಎಂತ ಗ್ರಹಿಸ್ಬೇಕು?”

“ಸಿಕ್ಕಿದ್ದನ್ನು ನೀವು ನಂಬುದೇ ಇಲ್ಲ. ಬರೀ ಕೈ ಮುಗಿತೀರಿ.”

ಮಾತು ಶೀನಪ್ಪನಿಗೆ ಸೂಜಿಯಂತೆ ಚುಚ್ಚಿತು. ಸ್ವಲ್ಪ ಸಿಟ್ಟಿನಲ್ಲೇ ಎರಡನೇ ಗುಂಡಿಯನ್ನು ಮುಂದೆ ತಳ್ಳಿದ. ಬಂದದ್ದು ಬರೀ ಎರಡು, ಒಟ್ಟು ಹದಿಮೂರು. ಶೀನಪ್ಪನ ಮುಖ ಇಳಿಯಿತು. ರಂಜಿತ್ ತನ್ನ ಎಲೆ ತಿರುಗಿಸಿದ: ಆರಕ್ಕೆ ಹತ್ತು ಸೇರಿ ಹದಿನಾರು. ನಿಯಮದಂತೆ ಅವನು ಇನ್ನೊಂದು ಎಳೆಯಲೇಬೇಕು. ಒಂಬತ್ತು ಬಂದು ಮುಳುಗಿದ.

ಗೆದ್ದ ಗುಂಡಿ ಎತ್ತಿಕೊಳ್ಳುವಷ್ಟರಲ್ಲಿ ಶಟರ್ ಮೇಲೆದ್ದಿತು. ಹಾಜಿಯವರು ಹೊರಗೆ ಎಷ್ಟು ಹೊತ್ತಿನಿಂದ ನಿಂತಿದ್ದರೋ. ರಂಜಿತ್ ತಟ್ಟನೆ ಅಂಗೈ ಎರಡನ್ನೂ ತೋರಿಸಿದ. ಹಾಜಿಯವರಿಗೆ ನಗು ಬಂತು.

ಅವರು ಸ್ಟೂಲಿನ ಮೇಲೆ ಕೂತು ಹಳೆಯದೊಂದು ಸಂಗತಿ ಹೇಳಿದರು. ಆಗ ಅವರ ಹತ್ತಿರ ಒಂದೇ ಯಂತ್ರವಿತ್ತು, ಒಬ್ಬರ ಹೊಟ್ಟೆಗೆ ಸಾಲುವಷ್ಟೇ ಕೆಲಸ. ಆದರೂ ಅಂಗಡಿಗೆ ಹಾಕಿದಷ್ಟೇ ದುಡ್ಡನ್ನು ಮತ್ತೆ ಹಾಕಿ ಎರಡನೇ ಯಂತ್ರ ತಂದರು. ಮುಖವನ್ನೇ ನೋಡದ ಕಾರ್ಕಳದ ಹುಡುಗನೊಬ್ಬನಿಗೆ ವೀಸಾ ಕಳಿಸಿದರು. ಅವನಿಗೆ ಹೊಲಿಗೆ ಬಾರದಿದ್ದರೆ ಅವರೂ ಗಂಟುಮೂಟೆ ಕಟ್ಟಬೇಕಿತ್ತು.

“ನಿಮ್ಮ ಆಟ ನನಗೆ ಬೇಡ. ಆದ್ರೆ ಇವ ಹೇಳುದು ಸರಿ ಉಂಟು,” ಎಂದು ರಂಜಿತ್‌ನತ್ತ ಕೈ ತೋರಿಸಿದರು. “ನನಗೂ ಒಂದೇ ಎಲೆ ಬರ್ಲಿಕ್ಕಿದ್ದದ್ದು ಶೀನಪ್ಪ. ನೀನು ಬಂದೆ.”

ಶೀನಪ್ಪ ಮೂವತ್ತು ವರ್ಷ ತಾನೊಬ್ಬನೇ ಋಣಿಯೆಂದು ತಿಳಿದಿದ್ದ. ಹಾಜಿಯವರೂ ಅಷ್ಟೇ ಕಾಲ ತನ್ನನ್ನು ನೆನೆದಿದ್ದರೆಂಬುದು ಅವನಿಗೆ ಹೊಳೆದೇ ಇರಲಿಲ್ಲ.

“ಅಂಗಡಿ ಮುಚ್ಚುದು ಬೇಡ ಹಾಜಿಯವ್ರೇ. ನಾನು ನಡೆಸ್ತೇನೆ.”

ಹಾಜಿಯವರು ಊರಿಗೆ ತೊಟ್ಟು ಹೋಗಲೆಂದು ಶೀನಪ್ಪ ಹೊಲಿಯುತ್ತಿದ್ದ ಅಂಗಿ ಯಂತ್ರದ ಮೇಲೇ ಇತ್ತು. ಅವನು ಅದರ ಅಂಚಿನ ಒಳಬದಿಗೆ, ಬಿದ್ದರೆ ಬೇಕಾದೀತೆಂದು ಹೆಚ್ಚಿನ ಗುಂಡಿ ಹೊಲಿಯುವ ಜಾಗದಲ್ಲಿ, ಪಣಕ್ಕಿಟ್ಟಿದ್ದ ಆ ಎರಡು ಗುಂಡಿಗಳನ್ನು ಹೊಲಿದ. ಒಂದು ಬಿಳಿ, ಒಂದು ಕಂದು. ಹಾಜಿಯವರು ನೋಡಿದರು, ಬಣ್ಣ ತಪ್ಪಿದೆಯೆಂದು ಮಾತ್ರ ಹೇಳಲಿಲ್ಲ.