‘ಕ್ವೆಲಾ’ ಎಂದು ಕೂಗಿದವರು

ಮೊಲೆಫಿಯ ಮುಂದಿನ ಎರಡು ಹಲ್ಲು ಉದುರಿಸಿದವರು ಪೊಲೀಸರಲ್ಲ, ನಮ್ಮ ಕರಿಯರ ಕೇರಿ ಅಲೆಕ್ಸಾಂಡ್ರಾದ ಪುಂಡರೇ. ಹಾಳಾದವರು, ತಮಗೆ ಬಿಟ್ಟಿ ಕೊಳಲು ಊದಲಿಲ್ಲವೆಂದು ಸೈಕಲ್ ಚೈನಿನಿಂದ ಬಾಯಿಗೇ ಬಾರಿಸಿದರು. ಅದೂ ಒಂದು ರೀತಿ ಒಳ್ಳೆಯದೇ ಆಯಿತು ಅನ್ನಿ. ಆರು ತೂತಿನ ತಗಡಿನ ಕೊಳಲನ್ನು ನಮ್ಮವರು ನೆಟ್ಟಗೆ ಹಿಡಿಯುವವರೇ ಅಲ್ಲ, ಓರೆ ಮಾಡಿ ಕೆನ್ನೆಯೊಳಕ್ಕೆ ತುರುಕಿಕೊಂಡು ಊದುತ್ತಾರೆ. ಹಲ್ಲು ಹೋದ ಸಂದಿಯಲ್ಲಿ ಅದು ಇನ್ನೂ ಒಳಕ್ಕಿಳಿದು ದನಿ ದಪ್ಪಗಾಯಿತು. ಅವನ ಅಜ್ಜ ಬಸುಟೋಲ್ಯಾಂಡಿನ ಗುಡ್ಡದಲ್ಲಿ ದನ ಕಾಯುತ್ತ ಜೊಂಡಿನ ಕೊಳಲು ಊದಿದವನು. ಮೊಮ್ಮಗನಿಗೆ ಸಿಕ್ಕಿದ್ದು ಹಡಗಿನಲ್ಲಿ ಬಂದು ಬಿಳಿಯರ ಅಂಗಡಿ ಸೇರಿದ ಅಗ್ಗದ ತಗಡು.

ಅವನು ಊದುತ್ತಿದ್ದುದು ಬರೀ ಕುಣಿಸಲಿಕ್ಕಲ್ಲ. ಅವನ ತಾಯಿ ಮಾಮೊಲೆಫಿ ಮನೆಯಲ್ಲಿ ಕದ್ದು ಬೀರು ಮಾಡಿ ಮಾರುತ್ತಿದ್ದಳು. ಇವನು ಬೀದಿ ಮೂಲೆಯಲ್ಲಿ ಊದುತ್ತ ಕಾವಲು ನಿಲ್ಲುತ್ತಿದ್ದ. ಪೊಲೀಸ್ ವ್ಯಾನು ಕಂಡೊಡನೆ ರಾಗ ಬದಲಾಯಿಸಬೇಕು. ಆಗ ಬೀರು ನೆಲದಡಿಗೆ, ಕರಿಯರು ಸದಾ ಜೇಬಿನಲ್ಲಿಡಬೇಕಾದ, ಧಣಿ ಸಹಿ ಹಾಕಿದ ಪಾಸು ಇಲ್ಲದವರು ಹಿತ್ತಿಲಿಗೆ. ಸಿಕ್ಕವರನ್ನು ಪೊಲೀಸರು ಒದ್ದು ‘ಕ್ವೆಲಾ’ ಅನ್ನುತ್ತಿದ್ದರು, ಅಂದರೆ ವ್ಯಾನು ಹತ್ತು ಅಂತ. ನಮ್ಮ ಜನವೋ, ಕೊಳಲಿನ ಕುಣಿತಕ್ಕೆ ಕರೆಯಲೂ ಅದೇ ಮಾತನ್ನು ಕೂಗುತ್ತಿದ್ದರು.

ಆ ಶನಿವಾರ ಅವನ ತಮ್ಮ ತ್ಲಾಲಿಯ ಪಾಸಿನಲ್ಲಿ ಸಹಿ ಇರಲಿಲ್ಲ. ಹಳೇ ಧಣಿ ಕೆಲಸದಿಂದ ತೆಗೆದಿದ್ದ, ಹೊಸಬ ಸೋಮವಾರ ಸಹಿ ಹಾಕುವವನಿದ್ದ. ಅಷ್ಟರೊಳಗೆ ಸಿಕ್ಕಿಬಿದ್ದರೆ ಆಲೂಗಡ್ಡೆ ಹೊಲದಲ್ಲಿ ಜೀತ, ಚಾಟಿಯೇಟು. ಹೋದವರಲ್ಲಿ ಕೆಲವರು ಅಲ್ಲೇ ಮಣ್ಣಾಗಿದ್ದರು.

“ಎರಡು ದಿನ ಮಂಚದಡೀಲಿ ಬಿದ್ದಿರೋ,” ಅಂದಳು ಮಾಮೊಲೆಫಿ.

“ಅಣ್ಣ ಕಾಯ್ತಾನೆ ಬಿಡವ್ವ.”

“ಸೋಮವಾರದಿಂದ ಹೆಂಗೂ ಬೆನ್ನು ಬಗ್ಗಿಸೋದಿದೆ, ಇವತ್ತು ಸೊಂಟಾನಾದ್ರೂ ಬಳುಕಿಸ್ಲಿ. ನಾನಿಲ್ವಾ?” ಅಂದ ಮೊಲೆಫಿ.

ಜನ ಸೇರಿತು, ತ್ಲಾಲಿ ಕುಣಿದ. ಹಿಂದಿನಿಂದ “ಕ್ವೆಲಾ!” ಎಂಬ ಕೂಗು ಬಂತು. ಯಾರೋ ಗೆಳೆಯನೆಂದುಕೊಂಡು ತ್ಲಾಲಿ ತಿರುಗಿಯೂ ನೋಡದೆ ಎರಡೂ ಕೈ ಎತ್ತಿ “ಕ್ವೆಲಾ, ಕ್ವೆಲಾ” ಎಂದು ರಾಗವಾಗಿ ಮರುನುಡಿದ. ಕೂಗಿದ್ದ ಪೊಲೀಸಿನವನಿಗೆ ತನ್ನನ್ನೇ ಅಣಕಿಸಿದ ಹಾಗಾಯಿತು. ಲಾಠಿ ತಲೆಯ ಹಿಂಭಾಗಕ್ಕೆ ಬಿತ್ತು. ಬಿದ್ದವನ ಮೇಲೆ ಇನ್ನೂ ನಾಲ್ಕು ಬಿದ್ದವು, ತ್ಲಾಲಿ ಮತ್ತೆ ಏಳಲಿಲ್ಲ. ಮೊಲೆಫಿ ಕೊಳಲನ್ನೇ ಚೂರಿಯಂತೆ ಹಿಡಿದು ಆ ಪೊಲೀಸಿನವನ ಕೆನ್ನೆಗೆ ಚುಚ್ಚಿದ. ತಗಡು ಚರ್ಮ ಹರಿದು ಒಳಹೊಕ್ಕಿತು. ಆಮೇಲೆ ಬೂಟುಗಳು ಅವನ ದವಡೆ ಮುರಿದವು. ಎರಡು ವರ್ಷ ಜೈಲಾಯಿತು.

ಅವನು ಹೊರಗೆ ಬರುವಷ್ಟರಲ್ಲಿ ಆ ಕೊಳಲಿನ ಕುಣಿತಕ್ಕೇ ‘ಕ್ವೆಲಾ’ ಎಂಬ ಹೆಸರು ಬಿದ್ದಿತ್ತು. ಗ್ರಾಮಫೋನು ತಟ್ಟೆಗಳ ಮೇಲೂ ಅದೇ, ಬಿಳಿಯರ ಹುಡುಗಿಯರೂ ಅದಕ್ಕೆ ಕುಣಿಯುತ್ತಿದ್ದರು. ಒಂದು ಮದುವೆಯಲ್ಲಿ ನೆರೆಮನೆಯವನು ಸಂಭ್ರಮದಲ್ಲಿ ಆ ಮಾತು ಕೂಗಿದ. ಮೊಲೆಫಿ ಅವನ ಮೂಗು ಜಜ್ಜಿಬಿಟ್ಟ, ಬಿಡಿಸಲು ಬಂದವನ ಕೈ ಮುರಿದ.

ಅವ್ವ ಅವನನ್ನು ಹೊರಗೆ ಎಳೆದು ತಂದಳು. “ಆ ಪಾಪದವನು ನಿಂಗೇನೋ ಮಾಡಿದ್ದ?”

“ಅವತ್ತು ವ್ಯಾನು ಬಂದಿದ್ದು ನಾನು ನೋಡ್ಲೇ ಇಲ್ಲವ್ವ. ರಾಗ ಚೆನ್ನಾಗಿ ಬರ್ತಿತ್ತು. ಕಣ್ಣು ಮುಚ್ಚಿದ್ದೆ.”

ಅವಳು ಅವನ ಮುಷ್ಟಿ ಹಿಡಿದು ಬಿಡಿಸಿದಳು.

“ಗೊತ್ತು ಕಣೋ. ನಾನೂ ಬಾಗಿಲಲ್ಲಿ ನಿಂತು ತಾಳ ಹಾಕ್ತಿದ್ದೆ. ನನ್ನ ಕಣ್ಣೂ ಮುಚ್ಚಿತ್ತು.”

ಅಷ್ಟು ಹೇಳಿ, ಮಗನ ಕೈಗಂಟಿದ್ದ ನೆರೆಯವನ ರಕ್ತವನ್ನು ತನ್ನ ಕಂಬಳಿಯ ಅಂಚಿನಿಂದ ಒರೆಸತೊಡಗಿದಳು.